ಪ್ಯಾಂಕ್ರಿಯಾಸ್ ಕ್ಯಾನ್ಸರ್: ಯಾವುದಕ್ಕೆ ಹೈದರಾಬಾದ್, ಯಾವುದಕ್ಕೆ ಕಲಬುರಗಿ, ಯಾವುದಕ್ಕೆ ಮನೆ

ಕಾಕಾನ ಕಣ್ಣು ಹಳದಿಯಾಗಿದ್ದನ್ನು ಮೊದಲು ನೋಡಿದವನು ಆಳಂದದ ಕಟಿಂಗ್ ಅಂಗಡಿಯವನು. ಗಡ್ಡಕ್ಕೆ ಸೋಪು ಹಚ್ಚುತ್ತಾ ಕನ್ನಡಿಯಲ್ಲಿ ನೋಡಿ, "ಕಾಕಾ, ನಿಮಗ ಕಾಮಣಿ ಆಗ್ಯಾದ್ ನೋಡ್ರಿ" ಅಂದನಂತೆ. ಮರುದಿನವೇ ಕಾಮಣಿ ಔಷಧ ಶುರುವಾಯಿತು. ಭಾನುವಾರ ಭಾನುವಾರ ಬೇರಿನ ರಸ, ಎಣ್ಣೆ ಬಂದ್, ಬರೀ ಮಜ್ಜಿಗೆ ಅನ್ನ. ಕಣ್ಣು ಇನ್ನೂ ಹಳದಿಯಾಯಿತು. ಮೈಯೆಲ್ಲಾ ತುರಿಕೆ. ರಾತ್ರಿ ನಿದ್ದೆ ಇಲ್ಲದೆ ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತಾ ನಿಲ್ಲುತ್ತಿದ್ದರು. ಐದನೇ ವಾರ ಕಲಬುರಗಿಗೆ ಕರೆತಂದು ಸ್ಕ್ಯಾನ್ ಮಾಡಿಸಿದೆವು. ಪ್ಯಾಂಕ್ರಿಯಾಸ್‌ನ ತಲೆಯಲ್ಲಿ ಗಂಟು.

ಅದಾದ ಮೇಲೆ ಒಂಬತ್ತು ತಿಂಗಳು ಫೈಲ್ ಹಿಡಿದು ಓಡಾಡಿದವನು ನಾನು. ಡಾಕ್ಟರ್ ಅಲ್ಲ. ಆದರೆ ಈಗ ಗುರುತಿನವರ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಅಂತ ಗೊತ್ತಾದರೆ ನನಗೆ ಫೋನ್ ಬರುತ್ತದೆ. ಎಲ್ಲರೂ ಕೇಳುವುದು ಒಂದೇ ಮಾತು: "ಯಾವ ದವಾಖಾನಿ ಚಲೋ ಅದ?"

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾಕಂದ್ರೆ ಈ ಕಾಯಿಲೆಯಲ್ಲಿ ಕೆಲಸ ಮೂರು. ಆಪರೇಷನ್, ಕಿಮೋ, ನೋವಿನ ಔಷಧ. ಮೂರಕ್ಕೂ ಬೇರೆ ಬೇರೆ ದೂರ. ಆಪರೇಷನ್‌ಗೆ ಎಷ್ಟು ದೂರ ಬೇಕಾದರೂ ಹೋಗಿ. ಕಿಮೋ ಮನೆಗೆ ಹತ್ತಿರ ಇರಲಿ. ನೋವಿನ ಔಷಧ ಹಾಸಿಗೆಯ ಪಕ್ಕದಲ್ಲೇ ಸಿಗಬೇಕು. ನಮ್ಮ ಮಂದಿ ಮಾಡುವುದು ಪೂರ್ತಿ ಉಲ್ಟಾ. ಆಪರೇಷನ್ ಹತ್ತಿರದಲ್ಲೇ ಮುಗಿಸಿ, ಕೊನೆಯ ತಿಂಗಳಲ್ಲಿ ಆಂಬುಲೆನ್ಸ್ ಮಾಡಿಕೊಂಡು ಮುಂಬೈಗೆ ಓಡುತ್ತಾರೆ.

ಯಾವ ಕಾಮಣಿಗೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಪ್ಯಾಂಕ್ರಿಯಾಸ್‌ಗೆ ಪುಸ್ತಕದಲ್ಲಿ ಮೇದೋಜ್ಜೀರಕ ಗ್ರಂಥಿ ಅಂತಾರೆ. ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡ್ಡಲಾಗಿ ಮಲಗಿರುತ್ತದೆ. ಸುಮಾರು 15 ಸೆಂ.ಮೀ. ಉದ್ದ. ಊಟ ಕರಗಿಸುವ ರಸವೂ ಅಲ್ಲೇ, ಇನ್ಸುಲಿನ್ ಕೂಡ ಅಲ್ಲೇ. ಅದಕ್ಕೆ ತಲೆ, ನಡು, ಬಾಲ ಅಂತ ಮೂರು ಭಾಗ. ಲಿವರ್‌ನಿಂದ ಬರುವ ಪಿತ್ತನಾಳ ಈ ತಲೆಯನ್ನು ಹಾದು ಹೋಗುತ್ತದೆ. ತಲೆಯಲ್ಲಿ ಗಂಟು ಎದ್ದರೆ ನಾಳ ಒತ್ತಿಕೊಂಡು ಕಣ್ಣು ಹಳದಿಯಾಗುತ್ತದೆ. ಬಾಲದಲ್ಲಿ ಎದ್ದರೆ ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಆ ಲೆಕ್ಕದಲ್ಲಿ ಕಾಮಣಿ ಒಂದು ಎಚ್ಚರಿಕೆ. ನಾವು ಅದನ್ನು ಐದು ವಾರ ಮಜ್ಜಿಗೆಯಲ್ಲಿ ಕಳೆದೆವು.

ಕಾಮಣಿಯಲ್ಲಿ ಎರಡು ತರ ನೋಡಿ. ಹುಡುಗರಿಗೆ ನಾಲ್ಕು ದಿನ ಜ್ವರ, ವಾಂತಿ, ಊಟ ಸೇರದೆ ಆಮೇಲೆ ಕಣ್ಣು ಹಳದಿಯಾದರೆ ಹೆಚ್ಚಾಗಿ ಅದು ನೀರಿನಿಂದ ಬಂದ ಸೋಂಕು. ಕೆಲವು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಬೇರಿನ ರಸಕ್ಕೆ ಹೆಸರು ಬಂದದ್ದು ಇಂಥವರಿಂದಲೇ. ಇನ್ನೊಂದು ತರ: ಜ್ವರ ಇಲ್ಲ, ನೋವಿಲ್ಲ, ಆದರೆ ಮೈ ತುರಿಕೆ, ಮೂತ್ರ ಕಪ್ಪು ಚಹಾದ ಬಣ್ಣ, ಮಲ ಮಣ್ಣಿನ ಹಾಗೆ ಬಿಳಚಿಕೊಂಡಿರುತ್ತದೆ. ಅಂದರೆ ಪಿತ್ತ ಎಲ್ಲೋ ಕಟ್ಟಿಕೊಂಡಿದೆ. 50 ದಾಟಿದವರಿಗೆ ಇದು ಕಂಡರೆ ಅದೇ ವಾರ ಹೊಟ್ಟೆಯ ಸ್ಕ್ಯಾನ್ ಆಗಬೇಕು. ಕಲ್ಲು ಇರಬಹುದು, ಗಂಟೂ ಇರಬಹುದು.

ಕಾಮಣಿ ಇಲ್ಲದೆಯೂ ಬರುತ್ತದೆ. ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ, 55ಕ್ಕೆ ಒಮ್ಮೆಲೇ ಶುಗರ್ ಬಂತು, ಜೊತೆಗೆ ತೂಕ ಇಳಿಯುತ್ತಿದೆ. ಬೆನ್ನಿನ ನಡುವೆ ನೋವು, ಮುಂದೆ ಬಾಗಿ ಕುಳಿತರೆ ಸ್ವಲ್ಪ ಆರಾಮ. ಮಲ ಜಿಡ್ಡು ಜಿಡ್ಡಾಗಿ ನೀರಿನ ಮೇಲೆ ತೇಲುತ್ತದೆ. ಇವು ಒಟ್ಟಿಗೆ ಬಂದರೆ ಗ್ಯಾಸ್ ಗುಳಿಗೆ ನುಂಗುತ್ತಾ ಕೂಡಬೇಡಿ. ಮಾಮೂಲಿ ಅಲ್ಟ್ರಾಸೌಂಡ್‌ನಲ್ಲಿ ಕರುಳಿನ ಗಾಳಿ ಅಡ್ಡ ಬಂದು ಪ್ಯಾಂಕ್ರಿಯಾಸ್ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ "ಸ್ಕ್ಯಾನ್ ನಾರ್ಮಲ್ ಅದ" ಅನ್ನುವುದೇ ಕೊನೆಯ ಮಾತಲ್ಲ.

ಸಿಎ 19-9 ಅನ್ನುವ ರಕ್ತ ಪರೀಕ್ಷೆ ಬಗ್ಗೆ ಜನ ಬಹಳ ಕೇಳುತ್ತಾರೆ. 37ರ ಒಳಗೆ ಇದ್ದರೆ ಮಾಮೂಲಿ. ಆದರೆ ಬರೀ ಕಲ್ಲಿನಿಂದ ಕಾಮಣಿ ಆದರೂ ಅದು ಏರುತ್ತದೆ. ಕೆಲವರ ಮೈಯಲ್ಲಿ ಅದು ತಯಾರೇ ಆಗುವುದಿಲ್ಲ, ಅವರಿಗೆ ಕ್ಯಾನ್ಸರ್ ಇದ್ದರೂ ನಾರ್ಮಲ್ ಬರುತ್ತದೆ. ಕಾಯಿಲೆ ಗೊತ್ತಾದ ಮೇಲೆ ಔಷಧ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಅದು ಒಳ್ಳೆಯದು. ಸುಮ್ನೆ ಹೆದರಿಕೆಗೆ ಮಾಡಿಸಿಕೊಳ್ಳುವ ಟೆಸ್ಟ್ ಅಲ್ಲ.

ಮೊದಲು ಸ್ಟೆಂಟಾ, ಸಿಟಿ ಸ್ಕ್ಯಾನಾ?

ನಾವು ಎಡವಿದ್ದು ಇಲ್ಲಿ. ಅಲ್ಟ್ರಾಸೌಂಡ್ ಆದ ಸಂಜೆಯೇ ಒಂದು ಆಸ್ಪತ್ರೆಯವರು "ಪಿತ್ತ ಬಹಳ ಏರ್ಯಾದ, ನಾಳೆ ಸ್ಟೆಂಟ್ ಹಾಕಮಿ" ಅಂದರು. ನಾವು ಹೂಂ ಅಂದೆವು. ಬಾಯಿಂದ ಕೊಳವೆ ಇಳಿಸಿ, ಪಿತ್ತನಾಳದಲ್ಲಿ ಪ್ಲಾಸ್ಟಿಕ್ ನಳಿಕೆ ಕೂಡಿಸಿದರು. ಎರಡೇ ದಿನದಲ್ಲಿ ತುರಿಕೆ ಇಳಿಯಿತು, ಎಲ್ಲರಿಗೂ ಖುಷಿ. ಸಿಟಿ ಆಮೇಲೆ ಆಯಿತು. ಆ ಫಿಲ್ಮ್ ಹಿಡಿದು ಹೈದರಾಬಾದಿಗೆ ಹೋದಾಗ ಸರ್ಜನ್ ಕೇಳಿದ ಮೊದಲ ಪ್ರಶ್ನೆ: "ಸ್ಟೆಂಟ್‌ಗಿಂತ ಮುಂಚಿನ ಸಿಟಿ ಎಲ್ಲಿ?" ಇರಲಿಲ್ಲ. ಸ್ಟೆಂಟ್ ಹಾಕಿದ ಮೇಲೆ ಸುತ್ತ ಊತ ಬರುತ್ತದೆ. ಯಾವುದು ಊತ, ಯಾವುದು ಗಂಟು, ರಕ್ತನಾಳಕ್ಕೆ ಅಂಟಿದೆಯೋ ಇಲ್ಲವೋ ಹೇಳುವುದು ಕಷ್ಟ. ಮತ್ತೆ ಸ್ಕ್ಯಾನ್, ಮತ್ತೆ ದಿನ ಹೋದವು. ಕಾಕಾನ ಲಿವರ್‌ನಲ್ಲಿ ಆಗಲೇ ಚುಕ್ಕೆಗಳಿದ್ದವು, ಅಂದರೆ ಕಾಯಿಲೆ ಅಲ್ಲಿಗೆ ಹರಡಿತ್ತು, ಹಾಗಾಗಿ ಅವರ ವಿಷಯದಲ್ಲಿ ಇದರಿಂದ ಏನೂ ಬದಲಾಗುತ್ತಿರಲಿಲ್ಲ. ಆಪರೇಷನ್ ಆಗಬಹುದಾದ ಮನುಷ್ಯನಿಗೆ ಹೀಗಾಗಿದ್ದರೆ ದುಬಾರಿ ಬೀಳುತ್ತಿತ್ತು.

ಆದ್ದರಿಂದ ಸಿಟಿ ಮೊದಲು. ಅದೂ ಕಾಂಟ್ರಾಸ್ಟ್ ಕೊಟ್ಟು, ತೆಳ್ಳಗೆ ಸ್ಲೈಸ್ ತೆಗೆಯುವ ಪ್ಯಾಂಕ್ರಿಯಾಸ್ ಪ್ರೋಟೋಕಾಲ್ ಸಿಟಿ. ಚೀಟಿಯಲ್ಲಿ ಹಾಗೆ ಬರೆಸಿ. ಫಿಲ್ಮ್ ಜೊತೆ ಸಿಡಿ ಕೇಳಿ ಇಸ್ಕೊಳ್ಳಿ. ಬೇರೆ ಊರಿನ ಸರ್ಜನ್‌ಗೆ ಬೇಕಾಗುವುದು ಸಿಡಿ. ಫಿಲ್ಮ್ ನಮ್ಮ ಸಮಾಧಾನಕ್ಕೆ.

ಜ್ವರ ಚಳಿ ಬಂದಿದ್ದರೆ ಮಾತು ಬೇರೆ. ಪಿತ್ತನಾಳದಲ್ಲಿ ಸೋಂಕು ಅಂದರೆ ಸ್ಟೆಂಟ್ ತಕ್ಷಣ ಬೇಕು, ಕಾಯುವ ಹಾಗಿಲ್ಲ. ಆಪರೇಷನ್ ಆಗದವರಿಗೂ, ಕಿಮೋ ಮೊದಲು ಕೊಡಬೇಕಾದವರಿಗೂ ಬೇಕು. ಆದರೆ ಬಿಲಿರುಬಿನ್ (ರಕ್ತ ಪರೀಕ್ಷೆಯಲ್ಲಿ ಕಾಮಣಿ ಎಷ್ಟಿದೆ ಅಂತ ತೋರಿಸುವ ಸಂಖ್ಯೆ) 15ರ ಒಳಗಿದ್ದು ಬೇಗ ಆಪರೇಷನ್ ಆಗುವ ಹಾಗಿದ್ದರೆ ಸ್ಟೆಂಟ್ ಇಲ್ಲದೆ ನೇರ ಆಪರೇಷನ್ನೇ ವಾಸಿ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಇದನ್ನು ಅಳೆದು ನೋಡಿದರು. ಮೊದಲು ಸ್ಟೆಂಟ್ ಹಾಕಿದವರಲ್ಲಿ 100ಕ್ಕೆ 74 ಜನಕ್ಕೆ ದೊಡ್ಡ ತೊಂದರೆ ಬಂತು. ನೇರ ಆಪರೇಷನ್ ಆದವರಲ್ಲಿ 39.

ಪ್ಲಾಸ್ಟಿಕ್ ಬೇಕಾ, ಮೆಟಲ್ ಬೇಕಾ ಅಂತಲೂ ಕೇಳುತ್ತಾರೆ. ಪ್ಲಾಸ್ಟಿಕ್ ಅಗ್ಗ. ಆದರೆ ಸುಮಾರು ಮೂರು ತಿಂಗಳಿಗೆ ಕಟ್ಟಿಕೊಳ್ಳುತ್ತದೆ. ಕಾಕಾನದು ದಸರಾ ಹೊತ್ತಿಗೆ ಕಟ್ಟಿತು. ಚಳಿ ಎಂದರೆ ಮಂಚವೇ ಅಲ್ಲಾಡುವಂಥ ಚಳಿ. ಆಮೇಲೆ ಮೆಟಲ್ ಹಾಕಿಸಿದೆವು, ಕೊನೆತನಕ ನಡೆಯಿತು. ತಿಂಗಳುಗಟ್ಟಲೆ ಕಿಮೋ ನಡೆಯುವುದಿದ್ದರೆ ಮೊದಲೇ ಮೆಟಲ್ ಹಾಕಿಸಿ. ಎರಡು ಸಲದ ಖರ್ಚು ಕೂಡಿಸಿದರೆ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ.

ಬಯಾಪ್ಸಿ ಮಾಡಿದರೆ ಕಾಯಿಲೆ ಹರಡುತ್ತಾ? ಈಗ ಎಂಡೋಸ್ಕೋಪಿ ಸ್ಕ್ಯಾನ್ ಮೂಲಕ ಒಳಗಿನಿಂದಲೇ ತೆಳ್ಳನೆಯ ಸೂಜಿ ಹಾಕುತ್ತಾರೆ. ಅದರಿಂದ ಹರಡುವುದು ತೀರಾ ಅಪರೂಪ. ಕಿಮೋಗೆ ಮುಂಚೆ ಬಯಾಪ್ಸಿ ಬೇಕೇ ಬೇಕು. ಸಿಟಿಯಲ್ಲಿ ಸ್ಪಷ್ಟವಾಗಿ ಕಂಡು ನೇರ ಆಪರೇಷನ್ ಆಗುವವರಿಗೆ ಬಯಾಪ್ಸಿ ಇಲ್ಲದೆಯೂ ಮುಂದುವರಿಯುತ್ತಾರೆ. ಅದು ಅವಸರವೂ ಅಲ್ಲ, ಮೋಸವೂ ಅಲ್ಲ.

ಎಷ್ಟು ದಿನ?

ಎಲ್ಲರಿಗೂ ಇದೇ ಬೇಕಾಗಿರುವುದು. ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ.

ಸಿಟಿ ಬಂದ ಮೇಲೆ ಕಾಯಿಲೆ ನಾಲ್ಕರಲ್ಲಿ ಒಂದು ಗುಂಪಿಗೆ ಬೀಳುತ್ತದೆ. ಗಂಟು ರಕ್ತನಾಳಗಳಿಂದ ದೂರ ಇದೆ, ತೆಗೆಯಬಹುದು. ನಾಳಕ್ಕೆ ತಾಗಿದೆ, ಮೊದಲು ಕಿಮೋ ಕೊಟ್ಟು ನೋಡಬೇಕು. ನಾಳವನ್ನು ಸುತ್ತಿಕೊಂಡಿದೆ, ಆಪರೇಷನ್ ಸಾಧ್ಯತೆ ಕಡಿಮೆ. ಲಿವರ್‌ಗೋ ಬೇರೆ ಕಡೆಗೋ ಹರಡಿದೆ. ಗೊತ್ತಾಗುವ ಹೊತ್ತಿಗೆ ಮೊದಲ ಗುಂಪಿನಲ್ಲಿರುವವರು 100ಕ್ಕೆ 15ರಿಂದ 20 ಜನ ಮಾತ್ರ. ಎರಡನೇ ಗುಂಪಿನವರಿಗೆ "ಈಗಲೇ ಆಪರೇಷನ್ ಬ್ಯಾಡ" ಅಂದರೆ ಕೈಬಿಟ್ಟರು ಅಂತ ತಿಳಿಯಬೇಡಿ. ಕೆಲವು ತಿಂಗಳ ಕಿಮೋ ಆದ ಮೇಲೆ ಆಪರೇಷನ್ ಟೇಬಲ್‌ಗೆ ಹೋದವರು ಬಹಳ ಇದ್ದಾರೆ.

ಅಮೆರಿಕದ ಲೆಕ್ಕ ಹೀಗಿದೆ. ಎಲ್ಲರನ್ನೂ ಸೇರಿಸಿದರೆ ಐದು ವರ್ಷದ ನಂತರ ಬದುಕಿರುವವರು 100ಕ್ಕೆ 13. ಗಂಟು ಅಲ್ಲೇ ಇದ್ದಾಗ ಸಿಕ್ಕರೆ 44. ಅಕ್ಕಪಕ್ಕ ಹಬ್ಬಿದ್ದರೆ 16ರ ಆಸುಪಾಸು. ದೂರ ಹರಡಿದ್ದರೆ 3. ಆಪರೇಷನ್ ಆಗಿ, ಆಮೇಲೆ ಜೋರಾದ ಕಿಮೋ ತಡೆದುಕೊಂಡವರ ಮೇಲೆ 2018ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಅರ್ಧ ಜನ ನಾಲ್ಕೂವರೆ ವರ್ಷ ದಾಟಿದರು. ಅವರೆಲ್ಲ ಗಟ್ಟಿಮುಟ್ಟಾಗಿದ್ದವರು ಅನ್ನುವುದನ್ನೂ ನೆನಪಿಡಿ. ಹರಡಿದ ಕಾಯಿಲೆಗೆ ಔಷಧವೇ ಕೊಡದಿದ್ದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಕಿಮೋದಿಂದ ಅದು ಎಂಟು, ಒಂಬತ್ತು, ಹನ್ನೊಂದು ತಿಂಗಳಾಗುತ್ತದೆ.

ಹನ್ನೊಂದು ತಿಂಗಳು ಅಂದರೆ ಹನ್ನೊಂದನೇ ತಿಂಗಳಿಗೆ ಮುಗಿಯಿತು ಅಂತ ಅಲ್ಲ. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರ ಲೆಕ್ಕ ಅದು. ಕೆಲವರು ಎರಡು ತಿಂಗಳಿಗೆ ಹೋಗುತ್ತಾರೆ, ಕೆಲವರು ಎರಡು ವರ್ಷ ದಾಟುತ್ತಾರೆ. ಹೆಸರು ಮಾಡಿದವರ ಉದಾಹರಣೆ ಹೇಳುವಾಗಲೂ ಹುಷಾರು. ಸ್ಟೀವ್ ಜಾಬ್ಸ್ 2003ರಲ್ಲಿ ಗೊತ್ತಾಗಿ 2011ರವರೆಗೆ ಇದ್ದರು. ಅವರಿಗಿದ್ದದ್ದು ನ್ಯೂರೋಎಂಡೋಕ್ರೈನ್ ಗಂಟು, ನಿಧಾನಕ್ಕೆ ಬೆಳೆಯುವ ಬೇರೆಯೇ ಜಾತಿ. ನಮ್ಮಲ್ಲಿ ಹೆಚ್ಚಾಗಿ ಬರುವುದು ಅಡಿನೋಕಾರ್ಸಿನೋಮಾ. ಬಯಾಪ್ಸಿ ರಿಪೋರ್ಟ್‌ನಲ್ಲಿ ಯಾವ ಪದ ಇದೆ ಅಂತ ನೋಡದೆ ಗೂಗಲ್ ಮಾಡಬೇಡಿ.

ಕಾಕಿ ಮೊದಲೇ ಹೇಳಿಬಿಟ್ಟಿದ್ದರು, "ಅವರಿಗಿ ಏನೂ ಹೇಳಬ್ಯಾಡ್ರಿ." ನಾವು ಹೈದರಾಬಾದಿನ ಒಪಿಡಿಯಲ್ಲಿ ಡಾಕ್ಟರಿಗೆ ಕಣ್ಣು ಸನ್ನೆ ಮಾಡುತ್ತಾ ಕುಳಿತಿದ್ದೆವು. ಕಾಕಾ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟು ನನ್ನ ಕಡೆ ತಿರುಗಿದರು. "ತಮ್ಮಾ, ತೊಗರಿ ರಾಶಿ ತನಕ ಇರ್ತೀನೇನ್ ಕೇಳು ಅವರಿಗಿ." ಅದು ಜುಲೈ. ಬಿತ್ತನೆ ಆಗಿ ಒಂದು ತಿಂಗಳೂ ಆಗಿರಲಿಲ್ಲ. ನಾನು ಹಿಂದಿಯಲ್ಲಿ ಕೇಳಿದೆ. ಡಾಕ್ಟರ್, ರಾಶಿ ಯಾವಾಗ ಅಂದರು. ಡಿಸೆಂಬರ್ ಕೊನೆ ಅಂದೆ. ಅವರು ಬೆರಳು ಮಡಚಿ ಎಣಿಸಿದರು. "ಕಿಮೋ ತಡೆದುಕೊಂಡರೆ ಹೊಲಕ್ಕೆ ಹೋಗ್ತೀರಿ. ಆದರೆ ಪಹಣಿ, ಬ್ಯಾಂಕಿನ ಕೆಲಸ ಇದ್ದರೆ ರಾಶಿಗೆ ಮುಂಚೆ ಮುಗಿಸಿ." ಕಾಕಾ ತಲೆ ಆಡಿಸಿದರು. ಹೊರಗೆ ಬಂದು ಚಹಾ ಕೇಳಿದರು. ಕಾಕಿಯೊಬ್ಬರೇ ಅತ್ತದ್ದು. ಮುಚ್ಚಿಟ್ಟರೆ ಯಾರಿಗೆ ಲಾಭ ಅಂತ ನನಗೆ ಅವತ್ತಿನಿಂದ ಅರ್ಥವಾಗಿಲ್ಲ. ರೋಗಿಗೆ ಎಷ್ಟು ಬೇಕೋ ಅಷ್ಟನ್ನು ಅವರೇ ಕೇಳಲಿ. ಕೇಳಿದ್ದಕ್ಕೆ ಸುಳ್ಳು ಹೇಳಬೇಡಿ.

ಆಪರೇಷನ್: ದೂರ ನೋಡಬೇಡಿ, ಸಂಖ್ಯೆ ನೋಡಿ

ತಲೆಯ ಗಂಟಿಗೆ ಮಾಡುವ ಆಪರೇಷನ್ ಹೆಸರು ವಿಪಲ್. 1935ರಲ್ಲಿ ಇದನ್ನು ಮಾಡಿ ತೋರಿಸಿದ ಅಮೆರಿಕದ ಸರ್ಜನ್ ಅಲೆನ್ ವಿಪಲ್ ಹೆಸರು ಅದು. ಪ್ಯಾಂಕ್ರಿಯಾಸ್‌ನ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಒಂದು ತುಂಡು, ಕೆಲವೊಮ್ಮೆ ಜಠರದ ಸ್ವಲ್ಪ ಭಾಗ, ಇಷ್ಟೂ ತೆಗೆಯುತ್ತಾರೆ. ಆಮೇಲೆ ಉಳಿದ ಪ್ಯಾಂಕ್ರಿಯಾಸ್, ಪಿತ್ತನಾಳ, ಜಠರ ಮೂರನ್ನೂ ಕರುಳಿಗೆ ಹೊಲಿಯುತ್ತಾರೆ. ಐದಾರು ಗಂಟೆ, ಜಾಸ್ತಿಯೂ ಆಗಬಹುದು. ಕಷ್ಟ ಇರುವುದು ಕತ್ತರಿಸುವುದರಲ್ಲಲ್ಲ, ಹೊಲಿಗೆಯಲ್ಲಿ. ಪ್ಯಾಂಕ್ರಿಯಾಸ್ ಬೆಣ್ಣೆಯ ಹಾಗೆ ಮೆತ್ತಗೆ, ಅದರ ರಸ ಎಲ್ಲವನ್ನೂ ಕರಗಿಸುವಂಥದ್ದು. ಹೊಲಿಗೆ ಸೋರಿದರೆ ಮೊದಲೇ ಗುರುತಿಸಿ ಸಂಭಾಳಿಸುವ ಐಸಿಯು, ರಾತ್ರಿ ಎರಡಕ್ಕೂ ಸ್ಕ್ಯಾನ್ ನೋಡಿ ನಳಿಕೆ ಹಾಕುವ ರೇಡಿಯಾಲಜಿಸ್ಟ್, ಇವರೆಲ್ಲ ಬೇಕು. ಬರೀ ಒಳ್ಳೆಯ ಸರ್ಜನ್ ಇದ್ದರೆ ಸಾಲದು.

2002ರಲ್ಲಿ ಅಮೆರಿಕದಲ್ಲಿ ಬಂದ ಲೆಕ್ಕ ನೋಡಿ. ವರ್ಷಕ್ಕೆ ಸರಾಸರಿ ಒಂದು ಆಪರೇಷನ್ ಕೂಡ ಮಾಡದ ಆಸ್ಪತ್ರೆಗಳಲ್ಲಿ 100ಕ್ಕೆ 16 ಜನ ಸತ್ತರು. ವರ್ಷಕ್ಕೆ 16ಕ್ಕಿಂತ ಹೆಚ್ಚು ಮಾಡುವ ಕಡೆ 4ಕ್ಕಿಂತ ಕಡಿಮೆ. ಕಾಯಿಲೆ ಅದೇ, ಆಪರೇಷನ್ ಅದೇ. ಕೈ ಪಳಗಿದೆಯಾ ಅನ್ನುವುದಷ್ಟೇ ವ್ಯತ್ಯಾಸ. ಅದಕ್ಕೇ ಯಾವ ಊರಾದರೂ ನಾಚದೆ ಕೇಳಿ: "ಸಾಹೇಬ್ರೆ, ನಿಮ್ಮಲ್ಲಿ ವರ್ಷಕ್ಕ ಎಷ್ಟ್ ವಿಪಲ್ ಆಗ್ತಾವ್ರಿ?" 20 ದಾಟಿದರೆ ಮುಂದಿನ ಮಾತು. ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಸಿಟ್ಟು ಬಂದರೆ ಉತ್ತರ ಸಿಕ್ಕ ಹಾಗೆ.

ಈಗ ಊರುಗಳ ಹೋಲಿಕೆ. ಬೀದರಿನವರಿಗೆ ಹೈದರಾಬಾದ್ 140 ಕಿ.ಮೀ. ಆಚೆ, ಯೋಚಿಸುವುದೇ ಬೇಡ. ಕಲಬುರಗಿ, ಯಾದಗಿರಿಯಿಂದಲೂ ಅದೇ ಹತ್ತಿರದ ದೊಡ್ಡ ಊರು. ಮಾತಿನ ತೊಂದರೆ ಇಲ್ಲ, ನಮ್ಮ ದಖನಿ ಹಿಂದಿ ಸಾಕು. ದೊಡ್ಡ ಖಾಸಗಿ ಆಸ್ಪತ್ರೆಗಳ ಜೊತೆ ಸರ್ಕಾರದ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ, ನಿಮ್ಸ್ ಇವೆ. ಬೀದರಿನ ನನ್ನ ಗೆಳೆಯನ ತಾಯಿಗೆ ಅಲ್ಲೇ ವಿಪಲ್ ಆಗಿ ಮೂರು ವರ್ಷ ಆಯಿತು. ಮೊನ್ನೆ ಮದುವೆಯಲ್ಲಿ ಸಿಕ್ಕಾಗ ಪರ್ಸಿನಿಂದ ಗುಳಿಗೆ ತೆಗೆದು ನುಂಗಿ ಊಟಕ್ಕೆ ಕುಳಿತರು.

ಬೆಂಗಳೂರು ಒಂದು ರಾತ್ರಿಯ ದಾರಿ. ಆದರೆ ರಾಜ್ಯದೊಳಗೇ ಇರುವುದರಿಂದ ಕಾರ್ಡ್ ಕೆಲಸ ಸುಲಭ. ಸರ್ಕಾರದ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಅಲ್ಲಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ಹೆಚ್ಚೆಂದರೆ ಒಂದೂವರೆ ಲಕ್ಷ. ಖಾಸಗಿಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅಂದರೆ ಜಿಮ್ಸ್, ಬ್ರಿಮ್ಸ್ ಇಂಥ ಕಡೆಯಿಂದ. ರೈಲು ಹತ್ತುವ ಮುಂಚೆ ಆರೋಗ್ಯಮಿತ್ರರನ್ನು (ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವವರು) ಕಂಡು ಆ ಚೀಟಿ ಮಾಡಿಸಿಕೊಳ್ಳಿ. ಬೇರೆ ರಾಜ್ಯದ ಆಸ್ಪತ್ರೆ ಆದರೆ ನಿಮ್ಮ ಕಾರ್ಡ್ ನಡೆಯುತ್ತದೆಯಾ ಅಂತ ಫೋನ್‌ನಲ್ಲೇ ಕೇಳಿ, ಬಿಲ್ ಕೌಂಟರ್ ಮುಂದೆ ನಿಂತು ಅಲ್ಲ.

ಮುಂಬೈನ ಟಾಟಾ ಮೆಮೋರಿಯಲ್ 1941ರಿಂದ ಇದೇ ಕೆಲಸ ಮಾಡುತ್ತಿದೆ. ಅನುಭವದಲ್ಲಿ ಯಾರಿಗೂ ಕಮ್ಮಿ ಇಲ್ಲ. ಜನರಲ್ ಫೈಲ್ ಮಾಡಿಸಿದರೆ ಖರ್ಚು ಬಹಳ ಕಡಿಮೆ. ಆದರೆ ಜನ ಜಾತ್ರೆ, ತಾರೀಖು ತಡ, ವಾರಗಟ್ಟಲೆ ಇರಬೇಕಾಗುತ್ತದೆ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ ಕ್ಯಾನ್ಸರ್ ರೋಗಿಗಳಿಗೆ ಇರಲು ಜಾಗ ಕೊಡುತ್ತದೆ. ನನ್ನ ಕೇಳಿದರೆ, ಮುಂಬೈಗೆ ಹೋಗುವ ಮುಂಚೆ ನವ್ಯಾ ಅನ್ನುವ ಆನ್‌ಲೈನ್ ಸೇವೆಯಲ್ಲಿ ರಿಪೋರ್ಟ್ ಕಳಿಸಿ. ಟಾಟಾ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಡಾಕ್ಟರ್‌ಗಳ ಅಭಿಪ್ರಾಯ ಅದರಲ್ಲಿ ಬರುತ್ತದೆ. ಹೋಗುವುದೋ ಬೇಡವೋ ಆಗ ತೀರ್ಮಾನಿಸಬಹುದು.

ಸೋಲಾಪುರ, ಬಾರ್ಶಿಗೆ ಆಳಂದ, ಅಫಜಲಪುರದ ಕಡೆಯವರು ಹೋಗುತ್ತಾರೆ. ಬಾರ್ಶಿಯ ನರ್ಗೀಸ್ ದತ್ ಕ್ಯಾನ್ಸರ್ ಆಸ್ಪತ್ರೆ ನಮ್ಮವರಿಗೆ ಹಳೇ ಗುರುತು. ಕಿಮೋ, ರೇಡಿಯೇಷನ್‌ಗೆ ಹತ್ತಿರದ ಅನುಕೂಲ. ವಿಪಲ್ ಆದರೆ ಅಲ್ಲೂ ಅದೇ ಸಂಖ್ಯೆಯ ಪ್ರಶ್ನೆ.

ರೈಲಿನಲ್ಲಿ ಹೋಗುವವರಿಗೆ ಒಂದು ಮಾತು. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿ ಪೂರ್ತಿ ಉಚಿತ. ಜೊತೆಗೆ ಹೋಗುವವರಿಗೆ 75 ಪರ್ಸೆಂಟ್ ರಿಯಾಯಿತಿ. ಅದಕ್ಕೊಂದು ಫಾರ್ಮ್ ಇದೆ, ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳಬೇಕು. ನಾವು ಇದನ್ನು ತಿಳಿದುಕೊಂಡದ್ದು ನಾಲ್ಕನೇ ಸಲ ಟಿಕೆಟ್ ತೆಗೆದ ಮೇಲೆ.

ಕಿಮೋ: ಯಾವುದು, ಎಲ್ಲಿ

ಇಲ್ಲಿ ಆಯ್ಕೆ ಮುಖ್ಯವಾಗಿ ಎರಡು.

ಫಾಲ್ಫಿರಿನಾಕ್ಸ್ ಜೋರು. ನಾಲ್ಕು ಔಷಧ ಒಟ್ಟಿಗೆ, 14 ದಿನಕ್ಕೊಮ್ಮೆ. ಆಸ್ಪತ್ರೆಯಲ್ಲಿ ಡ್ರಿಪ್ ಆದ ಮೇಲೆ 46 ಗಂಟೆ ಪಂಪ್ ಹಾಕಿಕೊಂಡಿರಬೇಕು. ಔಷಧ ಹಾಕಲು ಎದೆಯಲ್ಲಿ ಚರ್ಮದ ಕೆಳಗೆ ಪೋರ್ಟ್ ಅನ್ನುವ ಸಣ್ಣ ಡಬ್ಬಿ ಕೂಡಿಸುತ್ತಾರೆ. ಹರಡಿದ ಕಾಯಿಲೆಯಲ್ಲಿ 2011ರ ಅಧ್ಯಯನದ ಪ್ರಕಾರ 11.1 ತಿಂಗಳು. ಬರೀ ಜೆಮ್ಸಿಟಾಬಿನ್ ಅನ್ನುವ ಒಂದೇ ಕಿಮೋ ಔಷಧ ತೆಗೆದುಕೊಂಡವರಿಗೆ 6.8. ಆದರೆ ಭೇದಿ, ಸುಸ್ತು, ಕೈಕಾಲು ಜೋಮು. ತಣ್ಣೀರು ಮುಟ್ಟಿದರೆ ಕೆಲವು ದಿನ ಬೆರಳಿಗೆ ಸೂಜಿ ಚುಚ್ಚಿದ ಹಾಗೆ, ಗಂಟಲಲ್ಲೂ ಹಾಗೇ. ಏಪ್ರಿಲ್‌ನ ಕಲಬುರಗಿ ಬಿಸಿಲಲ್ಲಿ ಗಡಿಗೆ ನೀರು ಕುಡಿಯಬೇಡಿ ಅಂದರೆ ಏನು ಅಂತ ನಿಮಗೇ ಗೊತ್ತು.

ಎರಡನೆಯದು ಜೆಮ್ಸಿಟಾಬಿನ್ ಜೊತೆ ನ್ಯಾಬ್-ಪ್ಯಾಕ್ಲಿಟಾಕ್ಸೆಲ್. ವಾರಕ್ಕೊಮ್ಮೆಯಂತೆ ಮೂರು ವಾರ, ಒಂದು ವಾರ ಬಿಡುವು. ಪಂಪ್ ಇಲ್ಲ, ಸಂಜೆ ಮನೆಗೆ. 2013ರ ಅಧ್ಯಯನದಲ್ಲಿ 8.5 ತಿಂಗಳು. ಕೂದಲು ಹೋಗುತ್ತದೆ, ಜೋಮು ಇದರಲ್ಲೂ ಇದೆ.

11 ದೊಡ್ಡದು, 8.5 ಸಣ್ಣದು, ಹಾಗಾಗಿ ಮೊದಲನೆಯದೇ ಬೇಕು ಅಂತ ಹಟ ಹಿಡಿಯಬೇಡಿ. ಎರಡೂ ಬೇರೆ ಬೇರೆ ಅಧ್ಯಯನ, ಬೇರೆ ಬೇರೆ ಜನ. ಐವತ್ತರ ಗಟ್ಟಿ ಮನುಷ್ಯನಿಗೆ ಮೊದಲನೆಯದು ಸರಿ. ಕಾಕಾನಿಗೆ 64, ತೂಕ 11 ಕೆಜಿ ಇಳಿದಿತ್ತು, ಶುಗರ್ ಬೇರೆ. ನಾವು ಎರಡನೆಯದನ್ನು ಆರಿಸಿಕೊಂಡೆವು. ತೀರಾ ಮೆತ್ತಗಾದವರಿಗೆ ಜೆಮ್ಸಿಟಾಬಿನ್ ಒಂದೇ ಕೊಡುವುದೂ ಇದೆ. ಹಾಸಿಗೆ ಬಿಟ್ಟು ಏಳಲಾರದವರಿಗೆ ಕಿಮೋ ಬೇಡ ಅನ್ನುವ ಡಾಕ್ಟರ್ ಸರಿಯಾಗಿಯೇ ಹೇಳುತ್ತಿರುತ್ತಾರೆ.

ಎಲ್ಲಿ ಅನ್ನುವುದಕ್ಕೆ ನನ್ನ ಉತ್ತರ ನೇರ. ಪ್ಲಾನ್ ಹೈದರಾಬಾದ್, ಬೆಂಗಳೂರಿನಲ್ಲಿ ಬರೆಸಿಕೊಳ್ಳಿ, ಡ್ರಿಪ್ ಇಲ್ಲಿ ಹಾಕಿಸಿ. ಕಲಬುರಗಿಯಲ್ಲಿ ಕಿದ್ವಾಯಿಯ ಘಟಕ ಇದೆ, ಬೇರೆ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡಾಕ್ಟರ್‌ಗಳಿದ್ದಾರೆ. ಔಷಧ ಎಲ್ಲಿ ಕೊಟ್ಟರೂ ಅದೇ ಔಷಧ. ವಾರ ವಾರ 220 ಕಿ.ಮೀ. ಹೋಗಿ ಬರುವುದರಲ್ಲೇ ಮನುಷ್ಯ ಅರ್ಧ ಆಗುತ್ತಾನೆ. ಇನ್ನೊಂದು ಕಾರಣವೂ ಇದೆ. ಕಿಮೋ ಆದವರಿಗೆ ಜ್ವರ 100.4 ದಾಟಿದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಅನ್ನುವ ಹಾಗಿಲ್ಲ. ಒಂದೇ ಕಾಲು ಊದಿಕೊಂಡು ನೋವು ಬಂದರೂ ಹಾಗೇ, ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಕಿಮೋ ಕೊಟ್ಟ ಆಸ್ಪತ್ರೆ ರಾತ್ರಿ ಒಂದು ಗಂಟೆಗೆ ಮುಟ್ಟುವಷ್ಟು ಹತ್ತಿರ ಇರಲೇಬೇಕು.

ಬಿಆರ್‌ಸಿಎ ಜೀನ್ ಟೆಸ್ಟ್ ಬಗ್ಗೆ ಡಾಕ್ಟರನ್ನು ಒಮ್ಮೆ ಕೇಳಿ. ಬದಲಾವಣೆ ಸಿಕ್ಕರೆ ಔಷಧದ ಆಯ್ಕೆ ಬದಲಾಗುತ್ತದೆ, ಮಕ್ಕಳಿಗೂ ಗೊತ್ತಿರಬೇಕಾದ ವಿಷಯ. ಅದಿಲ್ಲದಿದ್ದರೆ ಈ ಕಾಯಿಲೆ ಹೆಚ್ಚಿನವರಲ್ಲಿ ವಂಶದಿಂದ ಬಂದದ್ದಲ್ಲ. ಬೀಡಿ ಸಿಗರೇಟ್ ಸೇದುವವರಿಗೆ ಸುಮಾರು ಎರಡು ಪಟ್ಟು ಅಪಾಯ. ಅಂಟುರೋಗ ಅಂತೂ ಅಲ್ಲವೇ ಅಲ್ಲ. ಕಾಕಾನ ತಾಟು ಬೇರೆ ಇಟ್ಟಿದ್ದ ಒಬ್ಬರು ನಮ್ಮ ಮನೆಯಲ್ಲೇ ಇದ್ದರು.

ಊಟ

ಎಣ್ಣೆ ಬಿಡಿಸಿ, ಹಾಲು ಬಿಡಿಸಿ, ಬರೀ ಗಂಜಿ ಕೊಡುವುದು ನಮ್ಮಲ್ಲಿ ರೂಢಿ. ಇದರಿಂದ ಮನುಷ್ಯ ಇನ್ನೂ ಒಣಗುತ್ತಾನೆ. ಈ ಕಾಯಿಲೆಯಲ್ಲಿ ಊಟ ಹೊಟ್ಟೆಗೆ ಹೋದರೂ ಕರಗುವುದಿಲ್ಲ, ರಸ ಸಾಲುವುದಿಲ್ಲ. ಅದಕ್ಕೆ ಪ್ಯಾಂಕ್ರಿಯಾಟಿನ್ ಅನ್ನುವ ಕ್ಯಾಪ್ಸೂಲ್ ಇದೆ. ಊಟಕ್ಕೆ ಮುಂಚೆಯೂ ಅಲ್ಲ, ಕೈ ತೊಳೆದ ಮೇಲೂ ಅಲ್ಲ. ಮೊದಲ ತುತ್ತಿಗೆ ಒಂದು, ನಡುವೆ ಇನ್ನೊಂದು, ಡಾಕ್ಟರ್ ಹೇಳಿದ ಲೆಕ್ಕದಲ್ಲಿ. ಇದು ಶುರುವಾದ ವಾರದಲ್ಲೇ ಕಾಕಾನ ಭೇದಿ ನಿಂತಿತು. ಜೋಳದ ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ, ನುಚ್ಚಿಗೆ ಮೊಸರು, ಬೇಳೆ ಕಟ್ಟು, ಶೇಂಗಾ ಹಿಂಡಿ, ಮೊಟ್ಟೆ. ದಿನಕ್ಕೆ ಮೂರು ತಾಟಿನ ಬದಲು ಆರು ಬಟ್ಟಲು. ಸಕ್ಕರೆ ತಿಂದರೆ ಗಂಟು ಬೆಳೆಯುತ್ತದೆ ಅನ್ನುವುದು ಬರೀ ಮಾತು. ಶುಗರ್ ಇದ್ದರೆ ಇನ್ಸುಲಿನ್ ಹೊಂದಿಸಿಕೊಳ್ಳಿ, ಊಟ ಕಡಿಮೆ ಮಾಡಬೇಡಿ.

ನಾಟಿ ಔಷಧ, ವಾಟ್ಸಾಪ್‌ನಲ್ಲಿ ಬರುವ ಪುಡಿ, ಎಲೆ ರಸ ಇವುಗಳ ಬಗ್ಗೆ ನನ್ನದು ಒಂದೇ ಮಾತು. ಕಿಮೋ ನಡೆಯುವಾಗ ಬೇಡ. ಅದೇ ಲಿವರ್ ಎರಡನ್ನೂ ಸಂಭಾಳಿಸಬೇಕು.

ನೋವು

ಹೊಟ್ಟೆಯ ಹಿಂದಿನ ನರದ ಗಂಟಿಗೆ ಕಾಯಿಲೆ ತಾಗಿದರೆ ನೋವು ಬೆನ್ನಿಗೆ ಹೊಡೆಯುತ್ತದೆ. ಮಾಮೂಲಿ ಗುಳಿಗೆ ಸಾಲುವುದಿಲ್ಲ. ದಾರಿ ಎರಡು. ಒಂದು, ಆ ನರಕ್ಕೇ ಸೂಜಿ ಹಾಕಿ ನೋವಿನ ಸುದ್ದಿ ತಲೆಗೆ ಹೋಗದ ಹಾಗೆ ಮಾಡುವುದು, ಸೀಲಿಯಾಕ್ ಬ್ಲಾಕ್ ಅಂತಾರೆ. ಇದನ್ನು ಹೈದರಾಬಾದಿಗೆ ಹೋದಾಗಲೇ ಕೇಳಿ, ಕೊನೆಗೆ ಇಟ್ಟುಕೊಳ್ಳಬೇಡಿ. ಇನ್ನೊಂದು ಮಾರ್ಫಿನ್ ಗುಳಿಗೆ. ಹೆಸರು ಕೇಳಿಯೇ ಮನೆಯವರು ಹೆದರುತ್ತಾರೆ. ಚಟ ಆಗುತ್ತದೆ, ಬೇಗ ಹೋಗುತ್ತಾರೆ ಅಂತ. ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಕೊಟ್ಟರೆ ಎರಡೂ ಆಗುವುದಿಲ್ಲ. ಮಲಬದ್ಧತೆ ಮಾತ್ರ ಗ್ಯಾರಂಟಿ, ಅದಕ್ಕೆ ಜೊತೆಗೇ ಔಷಧ ಬರೆಸಿಕೊಳ್ಳಿ.

ಮಾರ್ಫಿನ್ ಎಲ್ಲಾ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. ಅನುಮತಿ ಇರುವ ಆಸ್ಪತ್ರೆಯಲ್ಲೇ ತೆಗೆದುಕೊಳ್ಳಬೇಕು. 2014ರಲ್ಲಿ ಕಾನೂನು ಸಡಿಲ ಮಾಡಿದ ಮೇಲೆ ಮೊದಲಿಗಿಂತ ಸುಲಭ. ಖಾಲಿಯಾಗುವ ಒಂದು ವಾರ ಮುಂಚೆಯೇ ಹೋಗಿ. ಹಬ್ಬ, ಭಾನುವಾರ ನಡುವೆ ಬಂದರೆ ಎರಡು ದಿನದ ನೋವು ಯಾರೂ ನೋಡಲಾರದಂಥದ್ದು.

ನೋವು ಬಂದಾಗ ಕೊಡುವ ಔಷಧ ಅಲ್ಲ ಇದು. ಬರುವ ಮುಂಚೆಯೇ, ಗಡಿಯಾರ ನೋಡಿ ಕೊಡಬೇಕು. ಕಾಕಾನಿಗೆ ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ ಎರಡು. ಕಾಕಿಗೆ ಓದಲು ಬರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ತಾರೀಖಿನ ಚೌಕದೊಳಗೆ ಐದು ಗೀಟು ಎಳೆಯುತ್ತಿದ್ದರು. ಅದೇ ಚೌಕದಲ್ಲಿ ಹಾಲಿನವನ ಲೆಕ್ಕವೂ ಇರುತ್ತಿತ್ತು. ಜನವರಿಯ ಮೊದಲ ವಾರ ಒಂದು ಚೌಕದಲ್ಲಿ ನಾಲ್ಕೇ ಗೀಟು. ಅವತ್ತು ರಾಶಿ. ಕಾಕಾ ಹೊಲದಲ್ಲಿ ಮಷೀನಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತು, ಎರಡು ಗಂಟೆಯ ಗುಳಿಗೆ ಮರೆತಿದ್ದರು.